ಚಮಚದ ಬೆನ್ನ ಮೇಲೊಂದು ಸಿಂಹ

ಹಳೇ ಇಂಗ್ಲಿಷ್ ಬೆಳ್ಳಿ ಚಮಚವೊಂದು ಕೈಗೆ ಸಿಕ್ಕರೆ ನಾವು ಏನು ನೋಡ್ತೀವಿ? ಹೊಳಪು, ಡಿಸೈನ್, ಹೆಚ್ಚಂದ್ರೆ ತೂಕ. ಆದರೆ ಹಳೇ ಬೆಳ್ಳಿ ಸಂಗ್ರಹಿಸುವವರು ಮೊದಲು ಅದನ್ನು ಬೋರಲು ಹಾಕ್ತಾರೆ. ಹಿಡಿಯ ಹಿಂಭಾಗದಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ನಾಲ್ಕೈದು ಮುದ್ರೆಗಳು ಸಾಲಾಗಿ ಇರುತ್ತವೆ. ಒಂದು ಕಾಲೆತ್ತಿ ನಡೆಯುವ ಸಿಂಹ, ಒಂದು ಚಿರತೆ ಮುಖ, ಒಂದು ಇಂಗ್ಲಿಷ್ ಅಕ್ಷರ, ಕೆಲವೊಮ್ಮೆ ಒಬ್ಬ ರಾಜನ ತಲೆ, ಜೊತೆಗೆ ಯಾರದ್ದೋ ಇನಿಷಿಯಲ್. ಭೂತಗನ್ನಡಿ ಹಿಡಿದು ಅಷ್ಟನ್ನು ಓದಿದರೆ ಸಾಕು, ಆ ಚಮಚ ಯಾವ ಊರಲ್ಲಿ ಪರೀಕ್ಷೆ ಆಯ್ತು, ಯಾವ ವರ್ಷ, ಅದರಲ್ಲಿ ಬೆಳ್ಳಿ ಎಷ್ಟು, ಅದಕ್ಕೆ ಜವಾಬ್ದಾರಿ ಯಾರು, ಎಲ್ಲಾ ಗೊತ್ತಾಗುತ್ತೆ.

ಇನ್ನೂರು ವರ್ಷ ಹಳೆಯ ವಸ್ತುವಿಗೆ ಬಿಲ್ ಇಲ್ಲ, ವಾರಂಟಿ ಕಾರ್ಡ್ ಇಲ್ಲ. ಮಾಡಿದವನೂ ಇಲ್ಲ, ಕೊಂಡವನೂ ಇಲ್ಲ. ಆದರೂ ಅದನ್ನು ನಂಬಬಹುದು. ಇಂಜಿನಿಯರಿಂಗ್ ಓದುವ ನಮಗೆ ಇದೇ ಆಶ್ಚರ್ಯದ ವಿಷಯ. ನಾವು ಮಾಡುವ ಪ್ರಾಜೆಕ್ಟ್‌ನ ಫೈಲ್‌ಗಳು ಮುಂದಿನ ಸೆಮಿಸ್ಟರ್‌ಗೆ ನಮಗೇ ಅರ್ಥ ಆಗಲ್ಲ! ಹಾಗಾಗಿ ಈ ಲೇಖನದಲ್ಲಿ ಆ ಸಣ್ಣ ಮುದ್ರೆಗಳನ್ನು ಓದೋದು ಹೇಗೆ, ಅವು ಯಾಕೆ ಬಂದವು, ಅವುಗಳ ಹೆಸರಲ್ಲಿ ಏನೇನು ಮೋಸ ನಡೀತು ಅಂತ ನೋಡೋಣ.

0.925 ಎಲ್ಲಿಂದ ಬಂತು?

ಶುದ್ಧ ಬೆಳ್ಳಿ ಬಹಳ ಮೆತ್ತಗೆ. ಅದರಲ್ಲಿ ಚಮಚ ಮಾಡಿದರೆ ಬೇಗ ಬಾಗುತ್ತೆ, ಗೀರು ಬೀಳುತ್ತೆ. ಸ್ವಲ್ಪ ತಾಮ್ರ ಬೆರೆಸಿದರೆ ಗಟ್ಟಿಯಾಗುತ್ತೆ. ಇಂಗ್ಲೆಂಡಿನಲ್ಲಿ ನಿಗದಿಯಾದ ಲೆಕ್ಕ ಹೀಗಿತ್ತು: ಒಂದು ಟ್ರಾಯ್ ಪೌಂಡ್‌ಗೆ 12 ಔನ್ಸ್, ಒಂದು ಔನ್ಸ್‌ಗೆ 20 ಪೆನ್ನಿವೇಟ್, ಒಟ್ಟು 240. ಇದರಲ್ಲಿ 11 ಔನ್ಸ್ 2 ಪೆನ್ನಿವೇಟ್, ಅಂದರೆ 222 ಭಾಗ ಬೆಳ್ಳಿ ಇರಬೇಕು. 222 ಭಾಗಿಸು 240 ಮಾಡಿ ನೋಡಿ, ಸರಿಯಾಗಿ 0.925. ಇದೇ ‘ಸ್ಟರ್ಲಿಂಗ್’.

ಮೆಟೀರಿಯಲ್ಸ್ ಸೈನ್ಸ್ ಪೇಪರ್ ಇರುವವರು ಬೆಳ್ಳಿ-ತಾಮ್ರದ ಫೇಸ್ ಡಯಾಗ್ರಾಂ ತೆಗೆದು ನೋಡಿ. 779 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯೂಟೆಕ್ಟಿಕ್. ಆ ತಾಪದಲ್ಲಿ ಘನ ಬೆಳ್ಳಿ ತನ್ನೊಳಗೆ ಕರಗಿಸಿಕೊಳ್ಳಬಲ್ಲ ತಾಮ್ರ ಹೆಚ್ಚೆಂದರೆ ಸುಮಾರು 8.8 ಶೇಕಡಾ. ಸ್ಟರ್ಲಿಂಗ್‌ನಲ್ಲಿರೋದು 7.5, ಅಂದರೆ ಗೆರೆಯ ಒಳಗೇ ಇದೆ. ಮಧ್ಯಯುಗದ ಅಕ್ಕಸಾಲಿಗರ ಹತ್ತಿರ ಈ ಡಯಾಗ್ರಾಂ ಇರಲಿಲ್ಲ. ಬಡಿದು, ಕಾಯಿಸಿ, ಮತ್ತೆ ಬಡಿದು ಸಿಕ್ಕ ಅನುಭವ ಅಷ್ಟೇ.

ತೊಂದರೆ ಏನಪ್ಪಾ ಅಂದ್ರೆ, ಶೇಕಡಾ 92.5 ಬೆಳ್ಳಿಯನ್ನೂ 80 ಬೆಳ್ಳಿಯನ್ನೂ ಪಕ್ಕಪಕ್ಕ ಇಟ್ಟರೆ ನಮ್ಮಂಥವರ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಕೊಳ್ಳುವವನಿಗೆ ಕಾಣದ ಗುಣಕ್ಕೆ ಕೊಳ್ಳುವವನೇ ದುಡ್ಡು ಕೊಡಬೇಕು. ಮೋಸಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಪರೀಕ್ಷೆ ಮಾಡುವ ವಿದ್ಯೆ ಮಾತ್ರ ಎಲ್ಲ ಕಡೆಯೂ ಹಳೆಯದೇ. ನಮ್ಮ ಭಾಷೆಯಲ್ಲಿ ‘ಒರೆಗೆ ಹಚ್ಚು’, ‘ಪುಟಕ್ಕಿಟ್ಟ ಚಿನ್ನ’ ಅಂತ ಸುಮ್ಮನೆ ಬಳಸ್ತೀವಲ್ಲ, ಅವೆರಡೂ ಲ್ಯಾಬ್ ಟೆಸ್ಟ್‌ಗಳ ಹೆಸರು. ಒರೆಗಲ್ಲಿನ ಮೇಲೆ ಗೀರಿ ಬಣ್ಣ ಹೋಲಿಸುವುದು ಒಂದು. ಸ್ವಲ್ಪ ಲೋಹ ಕೆರೆದು, ಸೀಸದ ಜೊತೆ ಮೂಳೆ ಬೂದಿಯ ಬಟ್ಟಲಲ್ಲಿ ಕಾಯಿಸುವುದು ಇನ್ನೊಂದು. ಸೀಸವೂ ತಾಮ್ರವೂ ಆಕ್ಸೈಡ್ ಆಗಿ ಬಟ್ಟಲಿನೊಳಗೆ ಇಂಗಿಹೋಗುತ್ತವೆ, ಬೆಳ್ಳಿ ಮಣಿ ಉಳಿಯುತ್ತೆ. ಮೊದಲಿನ ತೂಕ, ಆಮೇಲಿನ ತೂಕ ನೋಡಿದರೆ ಉತ್ತರ ಸಿಕ್ಕಿತು. ಲಂಡನ್ನಿನಲ್ಲೂ ಇದೇ ಮಾಡ್ತಿದ್ದರು.

ಒಂದೊಂದೇ ಮುದ್ರೆ

ಈ ಮುದ್ರೆಗಳು ಒಂದೇ ಸಲ ಬಂದಿದ್ದಲ್ಲ. ಒಂದೊಂದು ಸಮಸ್ಯೆಗೆ ಒಂದೊಂದು ಸೇರುತ್ತಾ ಹೋಯಿತು.

1300ರಲ್ಲಿ ಒಂದನೇ ಎಡ್ವರ್ಡ್ ರಾಜನ ಕಾನೂನು ಬಂತು. ಪರೀಕ್ಷೆ ಮಾಡಿ ಚಿರತೆಯ ಮುಖ ಒತ್ತದೆ ಬೆಳ್ಳಿ ಸಾಮಾನು ಹೊರಗೆ ಹೋಗುವಂತಿಲ್ಲ. 1363ರಿಂದ ಮಾಡಿದವನೂ ತನ್ನ ಗುರುತು ಒತ್ತಬೇಕಾಯಿತು. 1478ರ ಹೊತ್ತಿಗೆ ಸಾಮಾನನ್ನು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ಗೇ ತಂದು ಪರೀಕ್ಷೆ ಮಾಡಿಸುವ ಪದ್ಧತಿ ಶುರುವಾಯಿತು. ‘ಹಾಲ್‌ಮಾರ್ಕ್’ ಅನ್ನೋ ಪದ ಹುಟ್ಟಿದ್ದು ಆ ಹಾಲ್‌ನಿಂದ. ಅದೇ ವರ್ಷ ಅಕ್ಷರದ ಮುದ್ರೆಯೂ ಬಂತು. ವರ್ಷಕ್ಕೊಂದು ಅಕ್ಷರ.

ಈ ವರ್ಷದ ಅಕ್ಷರ ನಮಗೆ ತುಂಬ ಇಷ್ಟವಾದ ಭಾಗ. ಈಗ ಸಂಗ್ರಹಕಾರರು ಅದನ್ನು ವಸ್ತುವಿನ ವಯಸ್ಸು ಹೇಳೋಕೆ ಬಳಸ್ತಾರೆ. ಆದರೆ ಅದನ್ನು ತಂದಿದ್ದು ಅದಕ್ಕಲ್ಲ. ಮುಂದೆ ಯಾವತ್ತೋ ಒಂದು ಬಟ್ಟಲು ಕಲಬೆರಕೆ ಅಂತ ಗೊತ್ತಾದರೆ, ಅದನ್ನು ಪಾಸ್ ಮಾಡಿದ ಪರೀಕ್ಷಕ ಯಾರು ಅಂತ ಹಿಡಿಯೋಕೆ! ಪರೀಕ್ಷೆ ಮಾಡುವವನ ಮೇಲೂ ಒಂದು ಕಣ್ಣಿಡುವ ವ್ಯವಸ್ಥೆ ಅದು.

1544ರಲ್ಲಿ ನಡೆಯುವ ಸಿಂಹ ಬಂತು. ನಿಧಾನಕ್ಕೆ ಸಿಂಹ ಅಂದರೆ ಸ್ಟರ್ಲಿಂಗ್, ಚಿರತೆ ಅಂದರೆ ಲಂಡನ್ ಅಂತ ಆಯಿತು. ಮಧ್ಯೆ ಒಂದು ಸಣ್ಣ ಗಲಾಟೆಯೂ ಇದೆ. ನಾಣ್ಯವೂ ಸ್ಟರ್ಲಿಂಗ್, ಚಮಚವೂ ಸ್ಟರ್ಲಿಂಗ್ ಆದ್ದರಿಂದ ಜನ ನಾಣ್ಯದ ಅಂಚು ಕತ್ತರಿಸಿ, ಕರಗಿಸಿ ಪಾತ್ರೆ ಮಾಡಿಸತೊಡಗಿದರು. 1696ರಲ್ಲಿ ಹಳೇ ನಾಣ್ಯಗಳನ್ನೆಲ್ಲ ಹಿಂಪಡೆದು ಹೊಸದಾಗಿ ಟಂಕಿಸುವ ದೊಡ್ಡ ಕೆಲಸ ಶುರುವಾಯಿತು. ಅದೇ ವರ್ಷ ಟಂಕಸಾಲೆಯ ವಾರ್ಡನ್ ಆಗಿ ಸೇರಿದವರು ನಮ್ಮ ಫಿಸಿಕ್ಸ್ ಪುಸ್ತಕದ ಐಸಾಕ್ ನ್ಯೂಟನ್. 1697ರಲ್ಲಿ ಪಾತ್ರೆಗಳ ಬೆಳ್ಳಿಯ ಮಟ್ಟವನ್ನು 11 ಔನ್ಸ್ 10 ಪೆನ್ನಿವೇಟ್‌ಗೆ, ಅಂದರೆ ಸುಮಾರು 0.958ಕ್ಕೆ ಏರಿಸಿದರು. ನಾಣ್ಯ ಕರಗಿಸಿ ನೇರವಾಗಿ ಪಾತ್ರೆ ಮಾಡಲಾಗದ ಹಾಗೆ. ಆ ಕಾಲದ ಬೆಳ್ಳಿಯ ಮೇಲೆ ಸಿಂಹದ ಬದಲು ಕುಳಿತಿರುವ ಬ್ರಿಟಾನಿಯಾ ದೇವಿ ಇರುತ್ತಾಳೆ. 1720ರಲ್ಲಿ ಸ್ಟರ್ಲಿಂಗ್ ವಾಪಸ್ ಬಂತು, ಜೊತೆಗೆ ಔನ್ಸ್‌ಗೆ 6 ಪೆನ್ಸ್ ತೆರಿಗೆಯೂ ಬಂತು.

ಸ್ಟೀಮ್ ಇಂಜಿನ್‌ನ ಪಾರ್ಟ್‌ನರ್ ಮಾಡಿದ ಗಲಾಟೆ

ಮ್ಯಾಥ್ಯೂ ಬೌಲ್ಟನ್ ಅಂದರೆ ಜೇಮ್ಸ್ ವ್ಯಾಟ್‌ನ ಪಾರ್ಟ್‌ನರ್, ಮೆಕ್ಯಾನಿಕಲ್‌ನವರಿಗೆ ಪರಿಚಯದ ಹೆಸರು. ಸ್ಟೀಮ್ ಇಂಜಿನ್‌ಗೆ ಕೈಹಾಕುವ ಮೊದಲೇ ಅವನು ಬರ್ಮಿಂಗ್‌ಹ್ಯಾಂನ ತನ್ನ ಸೋಹೋ ಕಾರ್ಖಾನೆಯಲ್ಲಿ ಬಟನ್, ಬಕಲ್, ಬೆಳ್ಳಿ ಸಾಮಾನು ಮಾಡಿಸುತ್ತಿದ್ದ. ಆದರೆ ಊರಲ್ಲಿ ಪರೀಕ್ಷಾ ಕಚೇರಿ ಇರಲಿಲ್ಲ. ಮಾಡಿದ ಸಾಮಾನನ್ನು ಕುದುರೆ ಗಾಡಿಯಲ್ಲಿ ಚೆಸ್ಟರ್‌ಗೋ ಲಂಡನ್‌ಗೋ ಕಳಿಸಬೇಕು. ದಿನಗಟ್ಟಲೆ ಕಾಯಬೇಕು. ವಾಪಸ್ ಬರುವಾಗ ಕ್ಯಾಂಡಲ್‌ಸ್ಟಿಕ್‌ಗಳು ನೆಗ್ಗಿ, ಗೀರು ಬಿದ್ದು ಬರ್ತಿದ್ದವು.

ಬೌಲ್ಟನ್ ಪಾರ್ಲಿಮೆಂಟ್‌ವರೆಗೂ ಹೋದ. ಶೆಫೀಲ್ಡ್‌ನವರದ್ದೂ ಇದೇ ಬೇಡಿಕೆ ಇತ್ತು. ಲಂಡನ್ನಿನ ಅಕ್ಕಸಾಲಿಗರು ಜೋರಾಗಿ ವಿರೋಧಿಸಿದರು. ಕೊನೆಗೆ 1773ರಲ್ಲಿ ಎರಡೂ ಊರಿಗೆ ಪರೀಕ್ಷಾ ಕಚೇರಿ ಮಂಜೂರಾಯಿತು. ಬರ್ಮಿಂಗ್‌ಹ್ಯಾಂಗೆ ಸಿಕ್ಕ ಗುರುತು ಲಂಗರು, ಶೆಫೀಲ್ಡ್‌ಗೆ ಕಿರೀಟ. ಸಮುದ್ರವೇ ಇಲ್ಲದ ಊರಿಗೆ ಲಂಗರು ಯಾಕೆ? ಎರಡೂ ಊರಿನವರು ಲಂಡನ್ನಿನಲ್ಲಿ ‘ಕ್ರೌನ್ ಅಂಡ್ ಆಂಕರ್’ ಅನ್ನೋ ಹೋಟೆಲ್‌ನಲ್ಲಿ ಸೇರುತ್ತಿದ್ದರು, ಅದರ ಬೋರ್ಡ್‌ನಿಂದಲೇ ಹಂಚಿಕೊಂಡರು ಅಂತ ಒಂದು ಕಥೆ ಇದೆ. ಕಥೆ ನಿಜವೋ ಸುಳ್ಳೋ, ಲಂಗರು ಇವತ್ತಿಗೂ ಇದೆ. ಶೆಫೀಲ್ಡ್ ಮಾತ್ರ 1975ರಿಂದ ಗುಲಾಬಿ ಹೂವಿಗೆ ಬದಲಾಯಿತು.

1784ರಲ್ಲಿ ಇನ್ನೊಂದು ಮುದ್ರೆ ಸೇರಿತು. ತೆರಿಗೆ ಕಟ್ಟಿದ್ದಾರೆ ಅನ್ನೋದಕ್ಕೆ ರಾಜನ ಅಥವಾ ರಾಣಿಯ ತಲೆ. ಅದು 1890ರವರೆಗೆ ಇತ್ತು.

ಈಗ ಒಂದು ಲೆಕ್ಕ ಬಿಡಿಸಿ

ಲಂಡನ್ನಿನಲ್ಲಿ ವರ್ಷದ ಅಕ್ಷರ 20 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸಿ ಮತ್ತೆ ‘ಎ’ಗೆ ಬರ್ತಿತ್ತು. ಪ್ರತಿ ಸುತ್ತಿಗೆ ಅಕ್ಷರದ ಶೈಲಿ ಬದಲು. ಆದರೆ ಶೈಲಿಗಳು ಎಷ್ಟು ಅಂತ ಇರುತ್ತವೆ? ಹಾಗಾಗಿ ಸಾದಾ ಸಣ್ಣ ‘ಎ’ 1776ರಲ್ಲೂ ಇದೆ, 1816ರಲ್ಲೂ ಇದೆ, 1896ರಲ್ಲೂ ಇದೆ. ನಿಮ್ಮ ಮುಂದೆ ಮೂರು ಚಮಚ ಇವೆ, ಮೂರರಲ್ಲೂ ಸಿಂಹ, ಚಿರತೆ, ಸಣ್ಣ ‘ಎ’. ಯಾವುದು ಯಾವ ವರ್ಷದ್ದು?

ಒಂದು ಸುಳಿವು: ಲಂಡನ್ ಚಿರತೆಯ ತಲೆ ಮೇಲೆ 1821ರವರೆಗೆ ಕಿರೀಟ ಇತ್ತು, ಆಮೇಲೆ ತೆಗೆದರು.

ಕಿರೀಟ ಇದೆ, ರಾಜನ ತಲೆ ಇಲ್ಲ ಅಂದರೆ 1776. ಕಿರೀಟವೂ ಇದೆ, ರಾಜನ ತಲೆಯೂ ಇದೆ ಅಂದರೆ 1816. ಎರಡೂ ಇಲ್ಲ ಅಂದರೆ 1896. ಅಷ್ಟೇ, ಎರಡು ಬಿಟ್ ಮಾಹಿತಿ! 1736ರಲ್ಲೂ ಸಣ್ಣ ‘ಎ’ ಇದೆ. ಅದನ್ನು 1776ರದ್ದರಿಂದ ಬೇರೆ ಮಾಡೋಕೆ ಅಕ್ಷರದ ಸುತ್ತಲಿನ ಚೌಕಟ್ಟಿನ ಆಕಾರವನ್ನೂ ಮಾಡಿದವನ ಗುರುತನ್ನೂ ನೋಡಬೇಕು.

ಬರ್ಮಿಂಗ್‌ಹ್ಯಾಂ, ಶೆಫೀಲ್ಡ್ ಎರಡರ ಅಕ್ಷರಪಟ್ಟಿಯೂ ಬೇರೆ. ಆದ್ದರಿಂದ ಮೊದಲು ಊರಿನ ಗುರುತು ನೋಡಿ, ಆಮೇಲೆ ಆ ಊರಿನ ಪಟ್ಟಿಯಲ್ಲಿ ಅಕ್ಷರ ಹುಡುಕಬೇಕು. ಡೇಟಾಬೇಸ್ ಕ್ಲಾಸ್‌ನಲ್ಲಿ ಕಾಂಪೋಸಿಟ್ ಕೀ ಅಂತಾರಲ್ಲ, ಅದೇ. ಒಂದೇ ಕಾಲಂ ನೋಡಿ ಸಾಲು ಹುಡುಕಿದರೆ ತಪ್ಪು ಉತ್ತರ ಬರುತ್ತೆ.

ಇನ್ನು ಇನಿಷಿಯಲ್‌ಗಳು. ‘ಎಚ್‌ಬಿ’ ಅಂತ ಬಳ್ಳಿ ಬರಹದಲ್ಲಿ ಇದ್ದರೆ ಸಂಗ್ರಹಕಾರರ ಕಣ್ಣು ಅರಳುತ್ತೆ. ಅದು ಹೆಸ್ಟರ್ ಬೇಟ್‌ಮನ್ ಗುರುತು. 1760ರಲ್ಲಿ ಗಂಡ ತೀರಿಕೊಂಡ ಮೇಲೆ 1761ರಲ್ಲಿ ತನ್ನ ಹೆಸರಿನ ಗುರುತು ನೋಂದಾಯಿಸಿ, ಮಕ್ಕಳ ಜೊತೆ ಸೇರಿ ಲಂಡನ್ನಿನ ದೊಡ್ಡ ಬೆಳ್ಳಿ ವರ್ಕ್‌ಶಾಪ್‌ಗಳಲ್ಲಿ ಒಂದನ್ನು ನಡೆಸಿದ ಹೆಂಗಸು. ಆದರೆ ಒಂದು ಎಚ್ಚರಿಕೆ: ಈ ಗುರುತು ಅಂದರೆ ‘ಇವರೇ ಕೈಯಾರೆ ಬಡಿದು ಮಾಡಿದ್ದು’ ಅಂತ ಅಲ್ಲ. ‘ಈ ವಸ್ತುವಿಗೆ ಜವಾಬ್ದಾರಿ ನಂದು’ ಅಂತ. ನಿಜವಾಗಿ ಬಡಿದ ಕೆಲಸಗಾರರ ಹೆಸರು ಬಹುಪಾಲು ಎಲ್ಲೂ ಉಳಿದಿಲ್ಲ.

ಪುಟ್ಟ ಸಾಮಾನುಗಳ ಲೋಕ

ಟೀಪಾಟ್, ಕ್ಯಾಂಡಲ್‌ಸ್ಟಿಕ್ ಎಲ್ಲ ದುಬಾರಿ. ಹೊಸದಾಗಿ ಶುರು ಮಾಡುವವರು ಅಂಗೈಯಲ್ಲಿ ಹಿಡಿಸುವ ಸಾಮಾನಿನಿಂದಲೇ ಶುರು ಮಾಡ್ತಾರೆ. ಇವುಗಳಲ್ಲಿ ಆ ಕಾಲದ ಬದುಕೇ ಕಾಣುತ್ತೆ.

ಕ್ಯಾಡಿ ಸ್ಪೂನ್ ಅಂದರೆ ಡಬ್ಬಿಯಿಂದ ಟೀ ಸೊಪ್ಪು ತೆಗೆಯುವ ಮೋಟು ಚಮಚ. ಚಿಪ್ಪಿನ ಆಕಾರ, ಎಲೆಯ ಆಕಾರ, ಕುದುರೆ ಜಾಕಿಯ ಟೋಪಿಯ ಆಕಾರ, ಎಲ್ಲಾ ಇವೆ. ಮೊದಲು ಟೀ ಎಷ್ಟು ದುಬಾರಿ ಅಂದರೆ ಡಬ್ಬಿಗೆ ಬೀಗ ಹಾಕ್ತಿದ್ದರು. 1784ರಲ್ಲಿ ಟೀ ಮೇಲಿನ ತೆರಿಗೆಯನ್ನು ಶೇಕಡಾ 119ರಿಂದ 12.5ಕ್ಕೆ ಇಳಿಸಿದರು. ಬೆಳ್ಳಿಗೆ ಮತ್ತೆ ತೆರಿಗೆ ಹಾಕಿ ರಾಜನ ತಲೆ ಒತ್ತಿದ್ದೂ ಅದೇ ವರ್ಷ ಅನ್ನೋದನ್ನು ಗಮನಿಸಿ.

ವಿನೆಗ್ರೆಟ್ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಒಳಗೆ ಚಿನ್ನದ ಗಿಲೀಟು, ತೂತು ತೂತಿನ ಒಂದು ಜಾಲರಿ, ಅದರಡಿ ಸುಗಂಧದ ವಿನೆಗರ್‌ನಲ್ಲಿ ನೆನೆಸಿದ ಸ್ಪಂಜಿನ ಚೂರು. ಊರಿನ ಚರಂಡಿ ವಾಸನೆಗೆ ಮೂಗಿನ ಹತ್ತಿರ ಹಿಡಿಯೋಕೆ. ಗಿಲೀಟು ಶೋಕಿಗಲ್ಲ, ವಿನೆಗರ್ ಬೆಳ್ಳಿಯನ್ನು ತಿನ್ನದಿರಲಿ ಅಂತ. ಉಪ್ಪಿನ ಬಟ್ಟಲಿನ ಒಳಗೂ ಅದೇ ಕಾರಣಕ್ಕೆ ಗಿಲೀಟು ಅಥವಾ ನೀಲಿ ಗಾಜಿನ ಬಟ್ಟಲು ಇರುತ್ತೆ. ಮೊಟ್ಟೆ ತಿನ್ನುವ ಚಮಚಕ್ಕೂ ಗಿಲೀಟು, ಯಾಕಂದರೆ ಮೊಟ್ಟೆಯ ಗಂಧಕ ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಮಾಡಿ ಕಪ್ಪಾಗಿಸುತ್ತೆ.

ನಶ್ಯದ ಡಬ್ಬಿ, ಜಾಯಿಕಾಯಿ ತುರಿಯುವ ಪುಟ್ಟ ತುರಿಮಣೆ, ವೈನ್ ಬಾಟಲಿಗೆ ಸರದ ಹಾಗೆ ನೇತುಹಾಕುವ ಲೇಬಲ್, ಸಕ್ಕರೆ ಇಕ್ಕಳ, ಹೀಗೆ ಪಟ್ಟಿ ದೊಡ್ಡದು. ಇವುಗಳನ್ನು ಬರೀ ಚಂದ ಅಂತ ನೋಡೋಕೆ ಆಗಲ್ಲ. ಆ ಇಕ್ಕಳ ಹಿಡಿದ ಸಕ್ಕರೆ ಬಂದಿದ್ದು ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ದುಡಿದ ತೋಟಗಳಿಂದ. ಹಾಲ್‌ಮಾರ್ಕ್ ಬೆಳ್ಳಿಯ ಶುದ್ಧತೆಗೆ ಮಾತ್ರ ಸಾಕ್ಷಿ. ಮೇಜಿನ ಮೇಲಿದ್ದ ಉಳಿದದ್ದರ ಬಗ್ಗೆ ಅದು ಏನೂ ಹೇಳಲ್ಲ.

ಬೆಳ್ಳಗಿರೋದೆಲ್ಲ ಹಾಲಲ್ಲ

ವ್ಯವಸ್ಥೆ ಇದ್ದ ಕಡೆ ಅದನ್ನು ದಾಟುವ ಜಾಣರೂ ಇರ್ತಾರೆ. 1720ರ ತೆರಿಗೆ ತೂಕದ ಮೇಲೆ ಇತ್ತಲ್ಲ, ಕೆಲವರು ಒಂದು ಉಪಾಯ ಮಾಡಿದರು. ಒಂದು ಹಗುರ ಸಣ್ಣ ಸಾಮಾನಿಗೆ ಮುದ್ರೆ ಒತ್ತಿಸಿ, ಮುದ್ರೆ ಇರುವ ಭಾಗವನ್ನಷ್ಟೇ ಕತ್ತರಿಸಿ, ಭಾರದ ಕಾಫಿಪಾಟ್‌ನ ತಳಕ್ಕೆ ಬೆಸೆಯುವುದು. ಬೆಳ್ಳಿ ಒಳ್ಳೆಯದೇ, ಮುದ್ರೆಯೂ ಅಸಲಿಯೇ, ಆದರೆ ಎರಡಕ್ಕೂ ಸಂಬಂಧ ಇಲ್ಲ! 1758ರಲ್ಲಿ ತೂಕದ ತೆರಿಗೆ ತೆಗೆದು ವ್ಯಾಪಾರಿಗಳಿಗೆ ಲೈಸೆನ್ಸ್ ಶುಲ್ಕ ಹಾಕಿದರು. ಆ ಹೊತ್ತಿಗೆ ನಕಲಿ ಮುದ್ರೆಗೆ ಮರಣದಂಡನೆ ಅಂತ ಕಾನೂನು ಬಂದಿತ್ತು. 1773ರಲ್ಲಿ ಅದನ್ನು 14 ವರ್ಷದ ಗಡೀಪಾರಿಗೆ ಇಳಿಸಿದರು.

ಇಂಥ ತೇಪೆ ಪತ್ತೆ ಮಾಡೋಕೆ ಸಂಗ್ರಹಕಾರರು ಮಾಡುವ ಟೆಸ್ಟ್ ತುಂಬಾ ಸಿಂಪಲ್. ಕನ್ನಡಕ ಒರೆಸುವಾಗ ‘ಹಾ...’ ಅಂತ ಉಸಿರು ಬಿಡ್ತೀವಲ್ಲ, ಹಾಗೇ ಬೆಳ್ಳಿ ಮೇಲೆ ಬಿಡೋದು. ಆ ಮಂಜಿನಲ್ಲಿ ಬೆಸುಗೆಯ ಗೆರೆ ಬೇರೆಯಾಗಿ ಎದ್ದು ಕಾಣುತ್ತೆ.

ಇನ್ನೊಂದು ಬಗೆ, ಕಾಲಕ್ಕೆ ತಕ್ಕಂತೆ ವಸ್ತುವನ್ನೇ ಬದಲಾಯಿಸಿದ್ದು. ವಿಕ್ಟೋರಿಯನ್ನರು ಅಜ್ಜನ ಕಾಲದ ಬಿಯರ್ ಮಗ್‌ಗೆ ಮೂತಿ ಬೆಸೆದು ಹೂಜಿ ಮಾಡಿಕೊಂಡರು. ಸಾದಾ ಚಮಚದ ಮೇಲೆ ಹಣ್ಣಿನ ಗೊಂಚಲು ಉಬ್ಬಿಸಿ, ಗಿಲೀಟು ಹಾಕಿ ‘ಬೆರ್ರಿ ಸ್ಪೂನ್’ ಮಾಡಿದರು. ಮುದ್ರೆ 1790 ಅನ್ನುತ್ತೆ, ಅಲಂಕಾರ 1880ರದ್ದು. ಆಕಾರವೂ ಮುದ್ರೆಯೂ ಒಂದೇ ಕಾಲವನ್ನು ಹೇಳ್ತಿವೆಯಾ ಅಂತ ಯಾವಾಗಲೂ ಕೇಳಿಕೊಳ್ಳಬೇಕು.

ಇನ್ನು ಬೆಳ್ಳಿಯೇ ಅಲ್ಲದ ‘ಬೆಳ್ಳಿ’. 1743ರಲ್ಲಿ ಶೆಫೀಲ್ಡ್‌ನ ಥಾಮಸ್ ಬೋಲ್ಸೋವರ್ ತಾಮ್ರದ ಗಟ್ಟಿಯ ಮೇಲೆ ಬೆಳ್ಳಿ ತಗಡಿಟ್ಟು ಕಾಯಿಸಿದರೆ ಎರಡೂ ಕೂಡಿಕೊಳ್ಳುತ್ತವೆ, ಒಟ್ಟಿಗೆ ರೋಲ್ ಮಾಡಬಹುದು ಅಂತ ಕಂಡುಕೊಂಡ. ಬೆಳ್ಳಿ ಕರಗೋದು 962 ಡಿಗ್ರಿಗೆ, ತಾಮ್ರ 1085ಕ್ಕೆ. ಆದರೆ ಎರಡೂ ಮುಟ್ಟುವ ಜಾಗದಲ್ಲಿ ನಾವು ಮೊದಲೇ ನೋಡಿದ 779ರ ಯೂಟೆಕ್ಟಿಕ್ ಮೊದಲು ಕರಗಿ ಅಂಟಿನ ಹಾಗೆ ಕೆಲಸ ಮಾಡುತ್ತೆ. ಇದೇ ಓಲ್ಡ್ ಶೆಫೀಲ್ಡ್ ಪ್ಲೇಟ್. ಉಜ್ಜಿ ಉಜ್ಜಿ ಸವೆದ ಅಂಚಿನಲ್ಲಿ ಕೆಂಪಗೆ ತಾಮ್ರ ಇಣುಕುತ್ತೆ. ಬೆಳ್ಳಿ ಅಲ್ಲದಿದ್ದರೂ ಇದಕ್ಕೆ ಅದರದ್ದೇ ಸಂಗ್ರಹಕಾರರಿದ್ದಾರೆ.

1840ರಲ್ಲಿ ಎಲ್ಕಿಂಗ್ಟನ್ ಕಂಪನಿಯವರು ಎಲೆಕ್ಟ್ರೋಪ್ಲೇಟಿಂಗ್ ಪೇಟೆಂಟ್ ತಗೊಂಡ ಮೇಲೆ ಅದೂ ಹಿಂದೆ ಬಿತ್ತು. ‘ಇಪಿಎನ್‌ಎಸ್’ ಅಂತ ಕೊರೆದಿದ್ದರೆ ಅದು ನಿಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪ. ನಿಕಲ್ ಸಿಲ್ವರ್ ಅಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಹೆಸರಲ್ಲಷ್ಟೇ ಸಿಲ್ವರ್! ಇದನ್ನೂ ಪುಟ್ಟ ಪುಟ್ಟ ಚೌಕಟ್ಟುಗಳಲ್ಲಿ ಒಂದೊಂದೇ ಅಕ್ಷರವಾಗಿ ಒತ್ತಿರ್ತಾರೆ, ದೂರದಿಂದ ಹಾಲ್‌ಮಾರ್ಕ್ ಥರಾನೇ ಕಾಣಲಿ ಅಂತ. ಸಿಂಹ ಇದೆಯಾ ನೋಡಿ.

ಕರಗದೆ ಉಳಿದದ್ದು

ಇಷ್ಟೆಲ್ಲ ಯಾಕೆ ಮುಖ್ಯ? ಬೆಳ್ಳಿ ಪಾತ್ರೆಯ ದೊಡ್ಡ ಶತ್ರು ಕಳ್ಳ ಅಲ್ಲ, ಕುಲುಮೆ. ಪಾತ್ರೆ ಅಂದರೆ ಕಷ್ಟಕಾಲಕ್ಕೆ ಇಟ್ಟ ದುಡ್ಡು. 1643ರಲ್ಲಿ ಇಂಗ್ಲೆಂಡಿನ ಅಂತರ್ಯುದ್ಧದ ಹೊತ್ತಿಗೆ ಆಕ್ಸ್‌ಫರ್ಡ್ ಕಾಲೇಜುಗಳ ಬಹುಪಾಲು ಬೆಳ್ಳಿ ರಾಜನ ಟಂಕಸಾಲೆಗೆ ಹೋಗಿ ಸೈನಿಕರ ಸಂಬಳವಾಯಿತು. 1980ರ ಜನವರಿಯಲ್ಲಿ ಬೆಳ್ಳಿ ಬೆಲೆ ಔನ್ಸ್‌ಗೆ 50 ಡಾಲರ್ ಹತ್ತಿರ ಹೋದಾಗ ಎಷ್ಟೋ ಹಳೇ ಪಾತ್ರೆಗಳನ್ನು ಜನ ತೂಕಕ್ಕೆ ಮಾರಿದರು, ಅವು ಕರಗಿಹೋದವು. ತೂಕದ ಬೆಲೆಗಿಂತ ಹೆಚ್ಚು ಬೆಲೆ ಇದಕ್ಕಿದೆ ಅಂತ ಯಾರೋ ಒಬ್ಬರು ಮುದ್ರೆ ಓದಿ ಹೇಳಿದ್ದರಿಂದ ಎಷ್ಟೋ ಚಮಚಗಳು ಬದುಕಿವೆ.

ನಮ್ಮ ಕಡೆ ಬನ್ನಿ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತದ ಹ್ಯಾಮಿಲ್ಟನ್, ಮದ್ರಾಸಿನ ಪಿ. ಓರ್ ಅಂಡ್ ಸನ್ಸ್ ಥರದ ಅಂಗಡಿಗಳು ಇಲ್ಲಿನ ಕೆಲಸಗಾರರಿಂದ ಒಳ್ಳೊಳ್ಳೆ ಬೆಳ್ಳಿ ಸಾಮಾನು ಮಾಡಿಸಿದವು. ಆದರೆ ಇಲ್ಲಿ ಲಂಡನ್ನಿನಂಥ ಪರೀಕ್ಷಾ ಕಚೇರಿ ಇರಲಿಲ್ಲ. ಅಂಗಡಿಯವರು ತಮ್ಮದೇ ಗುರುತು ಒತ್ತುತ್ತಿದ್ದರು, ವರ್ಷ ಹೇಳುವ ಅಕ್ಷರಪಟ್ಟಿ ಇಲ್ಲ. ಬಿಐಎಸ್ ಚಿನ್ನಕ್ಕೆ ಹಾಲ್‌ಮಾರ್ಕಿಂಗ್ ಶುರು ಮಾಡಿದ್ದು 2000ದಲ್ಲಿ, ಬೆಳ್ಳಿಗೆ 2005ರಲ್ಲಿ. 2021ರಿಂದ ಚಿನ್ನದ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂದಿದೆ, ಫೋನಿನ ಆಪ್‌ನಲ್ಲೇ ಚೆಕ್ ಮಾಡಬಹುದು.

ಆದರೆ ನಮ್ಮ ಅಜ್ಜಿಯರ ಕುಂಕುಮದ ಬಟ್ಟಲು, ಪಂಚಪಾತ್ರೆ, ಮಗುವಿಗೆ ಹಾಲು ಕುಡಿಸುವ ಒಳಲೆಗೆ ಇದ್ಯಾವುದೂ ಇಲ್ಲ. ಮದುವೆ ಸೀಸನ್‌ನಲ್ಲಿ ಅಂಗಡಿಗೆ ಹೋಗಿ, ತೂಗಿ, ವೇಸ್ಟೇಜ್ ಕಳೆದು, ಹೊಸ ದೀಪಕ್ಕೆ ಎಕ್ಸ್‌ಚೇಂಜ್ ಮಾಡಿಬಿಡ್ತೀವಿ. ದುಡ್ಡಿನ ಅವಸರ ಇದ್ದಾಗ ಬೇಡ ಅನ್ನೋಕೆ ನಾವ್ಯಾರು? ಆದರೆ ಕೊಡುವ ಮೊದಲು ಮನೆಯ ದೊಡ್ಡವರನ್ನು ಕೂರಿಸಿಕೊಂಡು ಕೇಳಬಹುದು: ಇದು ಯಾರ ತವರಿಂದ ಬಂತು, ಯಾವ ಊರಿನ ಅಕ್ಕಸಾಲಿಗರು ಮಾಡಿದ್ದು, ಯಾರ ಮದುವೆಗೆ? ಒಂದು ಫೋಟೋ, ತೂಕ, ನಾಲ್ಕು ಸಾಲು ಬರೆದಿಟ್ಟರೆ ಮುಂದಿನವರಿಗೆ ಅದೇ ಅಕ್ಷರಪಟ್ಟಿ.

ಓದುವ ಅಭ್ಯಾಸಕ್ಕೆ ಬೆಳ್ಳಿ ಕೊಳ್ಳಲೇಬೇಕು ಅಂತಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಬೆಳ್ಳಿ ಸಂಗ್ರಹವನ್ನು ಹಾಸ್ಟೆಲ್ ವೈಫೈನಲ್ಲೇ ನೋಡಬಹುದು. ಇನ್ನು ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ಅಡುಗೆಮನೆಯ ಸ್ಟೀಲ್ ಪಾತ್ರೆಗಳನ್ನೂ ಸ್ವಲ್ಪ ತಿರುಗಿಸಿ ನೋಡಿ. ಚುಕ್ಕಿ ಚುಕ್ಕಿಯಾಗಿ ಹೊಡೆದ ಹೆಸರು, ಕೊಟ್ಟವರ ಇನಿಷಿಯಲ್, ಎಷ್ಟೋ ಕಡೆ ತಾರೀಖೂ ಇರುತ್ತೆ. ಓದೋಕೆ ಅಲ್ಲಿಂದಲೇ ಶುರು ಮಾಡಬಹುದು.